ಬಾಟಲಿ ಕೋಣೆ

ಬೋಡೋ ಊರಿನ ಡಿಸೆಂಬರು. ಹಗಲೆಂದರೆ
ಎರಡು ತಾಸಿನ ಬೂದುಬೆಳಕು, ಅಷ್ಟೆ.
ಟೂರ್‌ಗೈರ್‌ನಿಗೊಂದು ಕೆಲಸ ಹುಡುಕುತ್ತ
ನಾನು ತಟ್ಟಿದ ಬಾಗಿಲು ಹದಿನೇಳು.

ಮೊದಲು ವಾಸಿಯಾಗಲಿ, ಆಮೇಲೆ ಕೆಲಸ, ಎಂದರು ಕಚೇರಿಯವರು.
ವಾಸಿಯಾಗಿ ಎದ್ದು ಎಲ್ಲಿಗೆ ಹೋಗಲಿ, ಎಂದ ಇವನು.
ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು:
ಗಾದೆ ಕಟ್ಟಿದವನೂ ಇದೇ ಸಾಲಿನಲ್ಲಿ
ಚೀಟಿ ಹಿಡಿದು ನಿಂತಿದ್ದನೇನೋ.

ನಾನು ಹುಡುಕಿದ್ದೆಲ್ಲ ನಿಶ್ಶಬ್ದ:
ಗ್ರಂಥಾಲಯದ ನೆಲಮಾಳಿಗೆ,
ಚರ್ಚಿನ ಹಿಂದಿನ ಗೋರಿಗಳ ಹುಲ್ಲು, ಉಣ್ಣೆಯಂಗಡಿಯ ಉಗ್ರಾಣ.
ಮೂರಕ್ಕೂ ಬೇಡವೆಂದ.
ಸಿಟ್ಟು ಬಂತು, ಸುಳ್ಳೇಕೆ ಹೇಳಲಿ;
ಬೇಡುವವನಿಗೆ ಆಯ್ಕೆ ಬೇರೆ! ಎಂದಿತೊಂದು ದನಿ
ನನ್ನ ತಲೆಯೊಳಗೆ, ನನ್ನದೇ.

ಅವನು ಬೆರಳು ತೋರಿದ್ದು ದಿನಸಿ ಅಂಗಡಿಯ ಹಿಂಬದಿಗೆ.
ಮುಂದಿನಿಂದ ಜನ ಖಾಲಿ ಬಾಟಲಿ ತೂರಿಸಿ
ಚಿಲ್ಲರೆಯ ರಸೀತಿ ಹರಿದುಕೊಳ್ಳುತ್ತಾರೆ.
ಹಿಂದೆ ಕಿಟಕಿಯಿಲ್ಲದ ಕೋಣೆ, ಹುಳಿತ ಬಿಯರಿನ ವಾಸನೆ,
ಡಬ್ಬಿಗಳು ಉರುಳಿ ನಜ್ಜುಗುಜ್ಜಾಗುವ ಗದ್ದಲ.
‘ಇಲ್ಲಿ ಅವರಿಗೆ ಮಾತಾಡಲಾಗುವುದಿಲ್ಲ’
ಎಂದ, ಕಿವಿ ಮುಟ್ಟಿಕೊಂಡು.

ಯಜಮಾನಿ ಗುನ್ವೋರ್ ಕೇಳಿದ್ದೊಂದೇ:
ಬೆನ್ನು ಗಟ್ಟಿಯಿದೆಯೆ?

ಏಳು ವಾರ ಚೀಲ ಕಟ್ಟಿದ.
ಬುಧವಾರ ನನ್ನ ಕಾರಿನಲ್ಲಿ ಕೂತು ಫ್ಲಾಸ್ಕಿನ ಕಾಫಿ,
ಮಾತೆಲ್ಲ ಬಾಟಲಿಯದೇ.
ಚೀಟಿ ಮುದುಡಿದ್ದನ್ನು ಯಂತ್ರ ಉಗುಳುತ್ತದಂತೆ,
ಅಂಗೈಯಲ್ಲಿ ಉಜ್ಜಿ ನೇರಮಾಡಿ
ಮತ್ತೆ ಕೊಡಬೇಕಂತೆ.

ಎಂಟನೆಯ ವಾರ ಯಂತ್ರ ಕೆಟ್ಟು ನಿಂತಿತು.
ಆ ಮೌನದಲ್ಲಿ ನೆಲದ ಮೇಲೆ ಕೂತು
ಯಾರಿಗೋ ಉತ್ತರಿಸುತ್ತಿದ್ದನಂತೆ, ಕೋಟು ಇಲ್ಲದೆ, ಸಂಜೆಯವರೆಗೆ.
ಯಂತ್ರದ ರಿಪೇರಿಗೆ ಮೂರು ದಿನ.
ಇವನಿಗೆ ಐದು ವಾರ.

ಕ್ಷಮೆ ಕೇಳಲೆಂದು ಹೋದೆ. ಮಾತು ಬಾಯಲ್ಲೇ ಜೋಡಿಸಿಕೊಂಡಿದ್ದೆ.
ಗುನ್ವೋರ್ ಗೋಡೆಯ ಪಾಳಿಪಟ್ಟಿ ತೋರಿಸಿದಳು:
ಅವನ ಹೆಸರು, ಮುಂದೆ ‘ರಜೆ’.
ಕಾಲು ಮುರಿದುಕೊಂಡ ಕ್ಯಾಶಿಯರಳ ಹೆಸರಿನ ಮುಂದೆಯೂ
ಅದೇ ಪದ, ಅದೇ ನೀಲಿ ಪೆನ್ನು.
‘ಏನೋ ಹೇಳಬೇಕೆಂದಿದ್ದೆಯಲ್ಲ?’
ಏನಿಲ್ಲ, ಎಂದು ಹಾಲು ಕೊಂಡು ಬಂದೆ.

ಈಗ ಏಪ್ರಿಲ್. ಇಂದು ಮರಳಿದ್ದಾನೆ.
ಜೇಬಿನಲ್ಲೊಂದು ಹಳೆಯ ರೇಡಿಯೊ,
ಮೊದಲ ಸಂಬಳದ್ದು, ಯಂತ್ರ ನಿಂತರೆ ಇರಲಿ ಅಂತ.
ಎರಡು ಸ್ಟೇಷನ್ನುಗಳ ನಡುವಿನ ಗೊರಗೊರಕ್ಕೆ
ಮುಳ್ಳು ತಿರುಗಿಸಿಟ್ಟಿದ್ದಾನೆ.

ಬರಬೇಡ ಎಂದಿದ್ದ.
ಹೊರಗೆ ಕಾರಿನ ಗಾಜಿಳಿಸಿ ಕೂತಿದ್ದೇನೆ.
ಗೋಡೆಯಾಚೆ ಡಬ್ಬಿ ನಜ್ಜಾಗುತ್ತಿವೆ.
ಮತ್ತೆ. ಮತ್ತೆ.
ಕಾಫಿ ಆರಿಹೋಯಿತು.