ನಲವತ್ತೇಳು

ಹನ್ನೊಂದು ಇಪ್ಪತ್ತಕ್ಕೆ ಶ್ರೀಮಂಗಲದ ಮೂವತ್ಮೂರು ಕೆವಿ ಬಿತ್ತು.
ಬೈನೆಯ ತಿರುಳಿಗೆ ಆಸೆಪಟ್ಟ ಆನೆ
ಮರವನ್ನು ತಂತಿಯ ಮೇಲೆ ಕೆಡವಿ
ಬೆದರಿ, ತಿನ್ನದೆಯೇ ಹೋಗಿದೆ.
"ಹೆಜ್ಜಿ ಅದಾವ್ರಿ ಮೇಡಂ, ಹೆಣ ಇಲ್ಲ. ಉಳದೈತಿ."
ಯಮನಪ್ಪ. ಮುಧೋಳದ ದನಿ;
ಮುಖ ನಾನಿನ್ನೂ ನೋಡಿಲ್ಲ.

ಐಸೊಲೇಟರ್ ತೆರೆದೆ, ಅರ್ಥ್ ಹಾಕಿದೆ, ಬೀಗ ಜಡಿದೆ.
ಲೈನ್ ಕ್ಲಿಯರ್ ನಂಬರ್ ನಲವತ್ತೇಳು, ಅಂದೆ.
ನಲವತ್ತೇಳ್ರಿ, ಅಂದ.
ಆ ಹೆಸರನ್ನು ಕೆಂಪಿನಲ್ಲಿ ಬರೆಯಲು ಕೈ ಬರಲಿಲ್ಲ,
ಪೆನ್ನು ಬದಲಿಸಿದೆ.

ಆಮೇಲೆ ಬರೀ ಫೋನು.
ಕುಟ್ಟದ ಲಾಡ್ಜಿನವನು. ಬಿರುನಾಣಿಯ ಯಾವುದೋ ಮೇಷ್ಟ್ರು.
ಸ್ಪ್ರಿಂಕ್ಲರ್ ನಿಂತು ಅರ್ಧ ತೋಟದ ಮೊಗ್ಗಷ್ಟೇ ನೆನೆದಿದೆ,
ಇನ್ನರ್ಧ ನಿನ್ನಪ್ಪ ಅರಳಿಸುತ್ತಾನಾ ಎಂದು
ಬೋಜಮ್ಮ ಬೈದು, ಉಸಿರು ತೆಗೆದುಕೊಂಡು, ಕೇಳಿದರು:
"ಎಷ್ಟು ಜನ ಹೋಗಿದ್ದಾರೆ?"
ಐದು.
"ಸರಿ, ನಿಧಾನ ಆಗಲಿ."
ಅರ್ಧ ಗಂಟೆಗೆ ಮತ್ತೆ ಅವರದೇ ಫೋನು.

ಸ್ವಿಚ್‌ಯಾರ್ಡಿನಲ್ಲಿ ಇಷ್ಟು ಮೌನ ಇರಬಾರದು.
ಬೀಗದ ಕೈಯ ಹಲ್ಲು ಅಂಗೈಯಲ್ಲಿ ಮೂಡಿದೆ.

ಮೂರು ಹತ್ತು. ಅವನ ಹಿಂದೆ ಗರಗಸದ ಸದ್ದಿಲ್ಲ.
"ಜಂಪರ್ ಕಟ್ಟೇವ್ರಿ. ಅರ್ಥ್ ತೆಗದೇವಿ. ನಲವತ್ತೇಳು ವಾಪಸ್."
ಎಣಿಸು, ಅಂದೆ.
ಎಣಿಸಿದ. ನಾಲ್ಕಕ್ಕೆ ನಿಂತ.
ಕತ್ತಲಿಗೆ ಮುಖಮಾಡಿ ಯಾರನ್ನೋ ಕೂಗಿದ,
ಇನ್ನೊಮ್ಮೆ ಕೂಗಿದ.
ನಾನು ಕುರ್ಚಿ ಬಿಟ್ಟು ಎದ್ದಿದ್ದೆ.

"ಐದ್ರಿ," ಅಂದ ಕಡೆಗೆ, ನಗು ತಡೆಯುತ್ತ.
ಐದನೆಯವನು ಆನೆ ಬಿಟ್ಟುಹೋದ ಬೈನೆಯ
ತಿರುಳು ಕಿತ್ತು ತಿಂದು ನೋಡುತ್ತಿದ್ದನಂತೆ.

ಬೀಗ ತೆಗೆದೆ. ಅರ್ಥ್ ಬಿಚ್ಚಿದೆ. ಬ್ರೇಕರ್ ಒತ್ತಿದೆ. ನಿಂತಿತು.
ಪುಸ್ತಕದಲ್ಲಿ ಬರೆದೆ: ಮೂರು ಇಪ್ಪತ್ತೆರಡು, ಚಾರ್ಜ್.
ತಿರುಳು ಸಪ್ಪೆಯಂತೆ.
ಅದಕ್ಕೆ ಕಾಲಮ್ಮಿಲ್ಲ.