ದರ್ಶನಿ, ಮುದ್ದತಿ

ಎಫ್.ಓ.ಬಿ. ಅಂದರೆ
ಹಡಗಿನ ಕಟಕಟೆ ದಾಟುವ ತನಕ ಮಾಲು ನಮ್ಮದು.
ಆಮೇಲೆ ತೊಯ್ದರೂ ಅವರದು, ಮುಳುಗಿದರೂ ಅವರದು.
ಹೀಗೆಂದು ಓದಿ ಹೇಳಿದಾಗ
ರೇವಣಸಿದ್ದಪ್ಪ ಮುನೀಮರು ಅಡಕೊತ್ತಿನಿಂದ ಕಣ್ಣೆತ್ತದೆ
"ಅಂದ್ರ ಮಗಳ ಲಗ್ನ," ಅಂದರು.
"ಅಕ್ಕಿಕಾಳು ಬೀಳೂ ತನಕ ನಮ್ಮ ಜೋಖಮಿ."

ನಾನು ನಗಲಿಲ್ಲ.
ನನ್ನ ಲಗ್ನ ಸಿ.ಐ.ಎಫ್. ಆಗಿತ್ತು:
ಬೆಲೆ, ವಿಮೆ, ಬಾಡಿಗೆ, ಎಲ್ಲ ಅಪ್ಪನದೇ
ಅವರ ಬಂದರು ಮುಟ್ಟುವ ತನಕ.
ಸರಕು ಎರಡೇ ವರ್ಷಕ್ಕೆ ವಾಪಸ್ ಬಂದಾಗಿನ ಖರ್ಚು
ಯಾವ ಕರಾರಿನಲ್ಲೂ ಬರೆದಿರಲಿಲ್ಲ.

ಅಕ್ಕಲಕೋಟ ರಸ್ತೆ, ತಗಡಿನ ಮಾಳಿಗೆ.
ಕೆಳಗೆ ಮಗ್ಗಗಳು ತೆಲುಗಿನಲ್ಲಿ ಬೈಸಿಕೊಳ್ಳುತ್ತವೆ,
ಗೇಟಿನಲ್ಲಿ ಟ್ರಕ್ಕಿನವ ಮರಾಠಿಯಲ್ಲಿ ಬಾಡಿಗೆ ಏರಿಸುತ್ತಾನೆ,
ಮೇಲೆ ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿ
ತಪ್ಪಾದಾಗ ಕನ್ನಡದಲ್ಲಿ "ಯವ್ವಾ" ಅನ್ನುತ್ತೇನೆ.
ಟೆರ್ರಿ ಟವೆಲು, ನೂರಕ್ಕೆ ನೂರು ಹತ್ತಿ,
ಇನ್ನೂರ ನಲವತ್ತು ಪೆಟ್ಟಿಗೆ, ಹ್ಯಾಂಬರ್ಗಿಗೆ.

ಮುನೀಮರಿಗೆ ಎಂಬತ್ತೊಂದು. ಒಂದು ಕಣ್ಣಿಗೆ ಪೊರೆ.
ಮಂಗಳವಾರ ಪೇಟೆಯಲ್ಲಿ ಹುಂಡಿ ಬರೆದ ಕೈ,
ಈಗ ಯೇಮುಲ ಮಾಲಕರ ಚಹಾಕ್ಕೆ ಮಾತ್ರ ಬರುತ್ತದೆ.
"ಎಲ್.ಸಿ., ಅಟ್ ಸೈಟ್," ಅನ್ನುತ್ತೇನೆ.
"ದರ್ಶನಿ. ಮಾರಿ ಕಂಡ ಕೂಡ್ಲೆ ರೊಕ್ಕ."
"ತೊಂಬತ್ತು ದಿನದ ಯೂಸನ್ಸ್?"
"ಮುದ್ದತಿ. ಅದಕ್ಕೇನು ಇಂಗ್ಲಿಷ್ ಬೇಕ?"
"ಫೋರ್ಸ್ ಮೆಜೂರ್, ಅಂದರೆ ಭೂಕಂಪ, ಯುದ್ಧ, ದೇವರ ಆಟ..."
ಬಹಳ ಹೊತ್ತು ಅಡಿಕೆ ಅಗಿದರು.
"ದೇವರನ್ನ ನಾವು ಹುಂಡಿಯೊಳಗ ತರತಿದ್ದಿಲ್ಲ."

ಬಿಲ್ ಆಫ್ ಲೇಡಿಂಗಿನಲ್ಲಿ ನನಗೆ ಇಷ್ಟವಾದ ಮಾತೊಂದಿದೆ:
ಸೆಡ್ ಟು ಕಂಟೇನ್.
ಹಡಗಿನವ ಪೆಟ್ಟಿಗೆ ಬಿಚ್ಚಿ ನೋಡಿಲ್ಲ,
ಒಳಗೆ ಟವೆಲು ಇದೆಯಂತೆ, ಅಷ್ಟೇ ಅವನ ಜವಾಬು.
ಅವರ ಮೂರು ಶಬ್ದಕ್ಕೆ ನಮ್ಮದು ಒಂದು ಬಾಲ, ಅಂತೆ.
ನನ್ನ ಬಗ್ಗೆ ಓಣಿ ಬರೆದ ಬಿಲ್ಲೂ
ಇದೇ ಬಾಲದ ಮೇಲೆ ನಡೆಯುತ್ತದೆ.

ಗುರುವಾರ ಬ್ಯಾಂಕಿನಿಂದ ಮಿಂಚಂಚೆ. ಕಾಗದ ತಿರಸ್ಕೃತ.
ಡಿಸ್ಕ್ರೆಪನ್ಸಿ: ಒಂದು.
ಎಲ್.ಸಿ.ಯಲ್ಲಿ ಊರು ಶೋಲಾಪುರ,
ನನ್ನ ಇನ್‌ವಾಯ್ಸಿನಲ್ಲಿ ಸೋಲಾಪುರ.
ಒಂದು ಎಚ್ ಕಮ್ಮಿ.
ಅಲ್ಲಿ ಕಂಟೇನರು ದಿನಕ್ಕೆ ನೂರಿಪ್ಪತ್ತು ಯುರೋ ಡೆಮರೇಜ್ ತಿನ್ನುತ್ತ ಕೂತಿದೆ.
ಕೊಳ್ಳುವವರು ಮನ್ನಾ ಮಾಡಬಹುದು, ಮಾಡುತ್ತಾರೆ,
ಬೆಲೆಯಲ್ಲಿ ನೂರಕ್ಕೆ ನಾಲ್ಕು ಮುರಿದುಕೊಂಡರೆ.
ಹತ್ತಿಯ ದರ ಇಳಿದದ್ದು ಅವರಿಗೂ ಗೊತ್ತು.

ಗೋರಾ ಸಾಹೇಬರು ಶೋ ಅಂದರು,
ಸರಕಾರ ಸೋ ಅಂದಿತು,
ನಮ್ಮವ್ವ ಸೊಲ್ಲಾಪುರ ಅನ್ನುತ್ತಾಳೆ, ನಾಲಗೆ ಒತ್ತಿ.
ಅವಳ ಆ ಎರಡನೇ ಲ
ಯಾವ ಬ್ಯಾಂಕಿನಲ್ಲೂ ತಾಳೆಯಾಗುವುದಿಲ್ಲ.

ಮಾಲಕರು ಫ್ಯಾನು ನೋಡುತ್ತ ಕೂತರು.
ಮುನೀಮರು ಮಾದರಿಯ ಟವೆಲೊಂದು ಎಳೆದುಕೊಂಡು
ಕನ್ನಡಕ ಒರೆಸಿದರು, ಹಣೆ ಒರೆಸಿದರು,
"ಅವ್ರನ್ನ ಕೇಳು," ಅಂದರು,
"ಮಾರಿ ಒರಸ್ಕೊಳ್ಳಾಕ ಎಚ್ ಬೇಕೇನು?"

ಅದನ್ನು ನಾನು ಟೈಪು ಮಾಡಲಿಲ್ಲ.
ಪ್ರಿಯ ಮಹನಿಯರೇ, ನಿಮ್ಮ ನೂರಕ್ಕೆ ನಾಲ್ಕು ಒಪ್ಪಿಗೆ, ಎಂದು ಬರೆದೆ.
ಹೊಸ ಪ್ರತಿಯಲ್ಲಿ ಎಚ್ ಸೇರಿಸಿ
ಎರಡು ಸಲ ಓದಿದೆ, ಮೂರನೇ ಸಲ ಬೆರಳಿಟ್ಟು.
ಕೆಳಗೆ ಏಳನೇ ಮಗ್ಗದಲ್ಲಿ ನೂಲು ಹರಿದು
ಯಾರೋ ಯಾರಿಗೋ ಬೈದರು.

ಮನೆಗೆ ಬಂದರೆ ಅವ್ವ ರೊಟ್ಟಿ ಬಡಿಯುತ್ತಿದ್ದಳು.
"ರೊಕ್ಕ ಬಂತೇನು?"
"ಬರತದಂತ," ಅಂದೆ.
ಅವಳು ಹಿಟ್ಟಿನ ಕೈಯಿಂದಲೇ
ಬಾಗಿಲ ಕಡೆ ಒಮ್ಮೆ ನೋಡಿ ಅಂದಳು
"ಯಾರಂದ್ರು?"