ಒತ್ತಕ್ಷರ ಕಾಣುವಷ್ಟು

ಹಲ್ ನಗರದ ಸೂರಿರುವ ಮಾರುಕಟ್ಟೆಯಲ್ಲಿ
ಚೀಸಿನಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ
ಆರಡಿ ಅಗಲ, ನನ್ನದು.
ಒಡೆದ ಗಾಜು, ಉಬ್ಬಿದ ಬ್ಯಾಟರಿ, ನೀರು ಕುಡಿದ ಫೋನು,
ಎಲ್ಲಕ್ಕೂ ಮದ್ದುಂಟು ಎನ್ನುತ್ತದೆ ಬೋರ್ಡು.
ಬೋರ್ಡಿನಲ್ಲಿ ಒಂದಿಷ್ಟು ಸುಳ್ಳೂ ಉಂಟು.

ಇವತ್ತಿನ ಮೊದಲ ಗಿರಾಕಿ ಡೆರಿಕ್ ಔಸ್ಬಿ.
ಮೂವತ್ತೊಂದು ವರ್ಷ ಬಂದರಿನ ಕ್ರೇನಿನ ತುದಿಯಲ್ಲಿ ಕೂತವರು.
ಮೇಲಿಂದ ನೋಡಿದರೆ ಹಡಗು ಒಂದು ಸಾಬೂನಿನ ಪೆಟ್ಟಿಗೆ,
ಮೇಸ್ತ್ರಿ ಬರೀ ಹಳದಿ ಟೋಪಿ, ಎನ್ನುತ್ತಾರೆ.
ಈಗ ಅವರಿಗೆ ಎಲ್ಲವೂ ದೊಡ್ಡದಾಗಿ ಬೇಕು.
ನಿನ್ನೆ ರಾತ್ರಿ ತಾವೇ ಸೆಟ್ಟಿಂಗಿನೊಳಗೆ ಇಳಿದು
ಗಾತ್ರದ ಗುಂಡಿಯನ್ನು ಬಲಕ್ಕೆ, ಇನ್ನೂ ಬಲಕ್ಕೆ ಎಳೆದಿದ್ದಾರೆ.
ಅಕ್ಷರ ಉಬ್ಬಿ, ಚಿತ್ರ ಉಬ್ಬಿ,
'ಸರಿ' ಎಂಬ ಗುಂಡಿ ಪರದೆಯ ಅಂಚು ದಾಟಿ
ಎಲ್ಲೋ ಆಚೆ ಹೋಗಿ ಕೂತಿದೆ,
ಹಿಂದಕ್ಕೆ ಬರುವ ಬಾಣವೂ ಅದರ ಜೊತೆಗೇ.
ಬಚ್ಚಲಿಗಿಂತ ದೊಡ್ಡ ಹಂಡೆ ಕೊಂಡು
ಬಾಗಿಲಲ್ಲೇ ಸಿಕ್ಕಿಕೊಂಡವರಂತೆ ನಿಂತಿದ್ದಾರೆ.
"ಗಡಿಯಾರ ಮಾತ್ರ ಬಹಳ ಚೆನ್ನಾಗಿ ಕಾಣುತ್ತಮ್ಮ," ಅಂದರು.

ಫೋನನ್ನು ಅಡ್ಡ ತಿರುಗಿಸಿದೆ.
ಗುಂಡಿಯ ಅರ್ಧ ಕಿವಿ ಇಣುಕಿತು.
ಆ ಕಿವಿ ಹಿಡಿದೇ ಹೊರಗೆಳೆದೆ.

ಚುಕ್ಕಿಗಳು ಇರುವಷ್ಟೇ ಇರುತ್ತವೆ, ಎಂದು ಹೇಳಿದೆ ಅವರಿಗೆ,
ಸೇರಿನಲ್ಲಿ ಅಕ್ಕಿ ಇದ್ದಷ್ಟೇ.
ಪಂಕ್ತಿಗೆ ಎಷ್ಟು ಎಲೆ ಹಾಕುತ್ತೀರಿ, ಅದಷ್ಟೇ ನಿಮ್ಮ ಕೈಯಲ್ಲಿ.
ಸೇರೂ ಪಂಕ್ತಿಯೂ ಅವರಿಗೆ ಏನು ತಿಳಿಯಿತೋ,
ತಲೆಯಾಡಿಸಿ, ಬಿಸಿ ಆಲೂ ಪ್ಯಾಟಿ ಕಚ್ಚುತ್ತ ಸ್ಟೂಲಿನ ಮೇಲೆ ಕೂತರು.

ಅಷ್ಟರಲ್ಲಿ ರೋರಿ ಬಂದ, ಶಾಲೆಯ ಟೈ ಜೇಬಿನಲ್ಲಿ.
ಅವನಿಗೆ ಎಲ್ಲವೂ ಇರುವೆ ಸಾಲಾಗಬೇಕು,
ಆಟದ ಇಡೀ ಯುದ್ಧಭೂಮಿ ಅಂಗೈಯಲ್ಲಿ ಕಾಣಬೇಕು.
ಮಾಡಿಕೊಟ್ಟೆ. ಹದಿಮೂರರ ಕಣ್ಣು, ಅದಕ್ಕೇನು.

ನನಗೆ ನಲವತ್ತಾರು. ಕಣ್ಣು ಚೆನ್ನಾಗಿಯೇ ಇದೆ,
ಕೈ ಸಾಲದಾಗಿದೆ ಅಷ್ಟೇ.
ಹೋದ ವಾರ ಗುಟ್ಟಾಗಿ ನನ್ನ ಫೋನಿನದೂ
ಮೂರು ಮೆಟ್ಟಿಲು ಏರಿಸಿದ್ದೆ.

ಹನ್ನೊಂದು ತಿಂಗಳ ಮೇಲೆ ಈಗ ನೀಲಕ್ಕನ ಸಂದೇಶ.
ಅವ್ವನ ಹೊಲಿಗೆ ಯಂತ್ರ ಯಾರಿಗೆ ಎಂದು
ಫೋನಿನಲ್ಲೇ ಕೂಗಾಡಿ, ಫೋನಿನಲ್ಲೇ ಮುಗಿಸಿದ್ದೆವು.
ಪರದೆಯ ನೆತ್ತಿಯಲ್ಲಿ ಒಂದೇ ಸಾಲು,
ಸೊಂಟದ ಕೆಳಗೆ ಕತ್ತರಿಸಿದ ಹಾಗೆ:
ನನಗ ಸಿಟಿಲ

ಸಿಟಿಲ?
ಹಲ್ಲಿಲ್ಲದ ಬಾಯಿಯಿಂದ ಬಂದಂಥ ಮಾತು.
ಈ ಫೋನು ಕಟ್ಟಿದವರ ಅಕ್ಷರಕ್ಕೆ ಒಂದೇ ಅಂತಸ್ತು,
ಒಂದೆರಡಕ್ಕೆ ಬಾಲ.
ನಮ್ಮದಕ್ಕೆ ನೆಲಮಾಳಿಗೆ ಬೇಕು ಎಂದು
ಯಾರೂ ಅವರಿಗೆ ಹೇಳಿರಲಿಕ್ಕಿಲ್ಲ.
ಸಿಟ್ಟಿನ ಬಿರುಸು ಅಲ್ಲಿರುತ್ತದೆ,
ಇಲ್ಲ ಎನ್ನುವುದರ ಅರ್ಧ ಜೀವವೂ.

ಒಂದು ಮೆಟ್ಟಿಲು ಇಳಿಸಿದೆ. ಇನ್ನೊಂದು.
ಕೆಳಗಿನಿಂದ ಟ ಬಂತು, ಲ ಬಂತು.
ಬಂದವು, ಆದರೆ ಮಂಜು ಮಂಜು.
ಔಸ್ಬಿ ಏನೂ ಕೇಳದೆ
ತಮ್ಮ ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು.
ಎಣ್ಣೆ ಬೆರಳಿನ ಗುರುತು ಒರೆಸಿ ಹಾಕಿಕೊಂಡೆ.

ನನಗ ಸಿಟ್ಟಿಲ್ಲ. ಯಂತ್ರ ನೀನ ಇಟ್ಟುಕೋ,
ಇಲ್ಲಿ ಅದರ ಮ್ಯಾಲೆ ಬೆಕ್ಕು ಮಲಗತದ.

ಅವರೂ ಬಗ್ಗಿ ನೋಡಿದರು, ಬರಿಗಣ್ಣಲ್ಲಿ.
"ಕೊಕ್ಕೆಗೆ ಸರಕು ತೂಗುಬಿಟ್ಟ ಹಾಗಿದೆಯಲ್ಲ,
ಇದು, ಇದು, ಮತ್ತೆ ಇದು.
ಕೆಳಗಿನದರ ಮೇಲೆ ಕಣ್ಣಿರಬೇಕು. ಕೊಕ್ಕೆ ಹೇಗೂ ಇರುತ್ತೆ."

ಎರಡು ಪೌಂಡು ಹೇಳಿದ್ದೆ. ಒಂದು ವಾಪಸು ಕೊಟ್ಟೆ,
ಕನ್ನಡಕದ ಬಾಡಿಗೆ ಎಂದೆ.

ಅವರು ಹೋದ ಮೇಲೆ
ಅಕ್ಕಾ, ಎಂದು ಬರೆದೆ.
ಬರೆದು, ಕೈ ನೀಡಿ, ದೂರ ಹಿಡಿದು ನೋಡಿದೆ
ಕ ಕೆಳಗಿನ ಕ ಇದೆಯೇ ಎಂದು.